ಕಂಬಳಿಯೊಳಗೆ ಕಂಡ ಮ್ಯಾನಿಫೋಲ್ಡು

೧
ಇದನ್ನು ಎಲ್ಲಿಂದ ಶುರುಮಾಡಲಿ, ನೀವೇ ಹೇಳಿ. ಹೊಗೆಯಿಂದಲೋ, ಬೆಂಕಿಯಿಂದಲೋ? ಕಾರಿನ ಬಗ್ಗೆ ನನಗೆ ಗೊತ್ತಿರುವುದು ಹತ್ತುವುದು, ಇಳಿಯುವುದು ಅಷ್ಟೆ. ಅಂಥವನು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕಥೆ ಬರೆಯಲು ಹೊರಟಿದ್ದೇನೆ. ನಗಬೇಡಿ.

(ಮ್ಯಾನಿಫೋಲ್ಡು ಅಂದರೆ ಇಂಜಿನ್ನಿನಲ್ಲಿ ಸುಟ್ಟ ಹೊಗೆಯನ್ನೆಲ್ಲ ಒಟ್ಟುಮಾಡಿ ಸೈಲೆನ್ಸರಿಗೆ ಕಳಿಸುವ ಎರಕದ ಕೊಳವೆ. ಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ.)

೨
ಸಾವಿರದ ಒಂಬೈನೂರ ಅರವತ್ತಾರು. ಆಯುಧಪೂಜೆ ಕಳೆದು ಮೂರನೇ ದಿನ. ತೀರ್ಥಹಳ್ಳಿಯಿಂದ ಸಾಗರಕ್ಕೆ ಹೊರಟ ಕಾರು ಹೊಸನಗರದಲ್ಲೇ ನಿಂತಿದೆ. ಏರು ಹತ್ತುತ್ತಿಲ್ಲ, ಬಾನೆಟ್ ಎತ್ತಿದರೆ ಮುಖ ಸುಡುವ ಝಳ. ಮೊದಲ ಕರಡಿನಲ್ಲಿ ಹಿಂದಿನ ಸೀಟಿನಲ್ಲಿ ಶರಾವತಿ ಎಂಬ ತುಂಬಿದ ಬಸುರಿಯನ್ನು ಕೂರಿಸಿದ್ದೆ. "ನಿಮ್ಮ ಕಥೆಗೆ ಬಿಸಿ ಏರ್ಲಿ ಅಂತ ನಾನ್ಯಾಕೆ ದಾರೀಲಿ ಹೆರ್ಬೇಕು?" ಎಂದವಳು ಇಳಿದು ಬಸ್ಸು ಹತ್ತಿ ಹೋದಳು. ಸರಿ ಬಿಡಿ, ಅವಳು ಹೇಳಿದ್ದು ನ್ಯಾಯವೇ.

ಉಳಿದವರು ಮೂವರು: ಕಾರಿನ ಒಡೆಯ ಮುಕುಂದಯ್ಯ, ಹನ್ನೊಂದು ವರ್ಷದಿಂದ ಅದನ್ನು ಓಡಿಸುತ್ತಿರುವ ಬೆಳ್ಳಪ್ಪ, ಹೊಸನಗರದ ಮೆಕ್ಯಾನಿಕ್ ಕನ್ನಪ್ಪ.

"ಕೆಡಿಸ್ದೋನು ಯಾರು ಅಂತ ಇವತ್ತು ಗೊತ್ತಾಗ್ಬೇಕು" ಎಂದರು ಮುಕುಂದಯ್ಯ. "ಯಾರೇ ಆಗ್ಲಿ, ಇನ್ನು ಅವ್ನು ನನ್ನ ಕಾರು ಮುಟ್ಟಂಗಿಲ್ಲ." ಸಿಟ್ಟಿನಲ್ಲಿ ಹೋಗಿ ಮರದ ನೆರಳಿನಲ್ಲಿ ನಿಂತರು. ಬೆಳ್ಳಪ್ಪನ ಮುಖ ಬಿಳಿಚಿತು. ಅವನಿಗೆ ಬರುವ ಕೆಲಸ ಇದೊಂದೇ.

೩
ಕನ್ನಪ್ಪ ರೇಡಿಯೇಟರ್ ನೋಡಿದ, ನೀರಿದೆ. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದ, ಹೊಗೆ ಸಲೀಸಾಗಿ ಬರುತ್ತಿದೆ. ಆಮೇಲೆ ಇಂಜಿನ್ ಓಡುತ್ತಿರಲಿ ಎಂದು ಬೆಳ್ಳಪ್ಪನಿಗೆ ಹೇಳಿ, ತನ್ನ ಶೆಡ್ಡಿನೊಳಗಿಂದ ಕರಿ ಕಂಬಳಿ ತಂದು, ಎತ್ತಿದ ಬಾನೆಟ್ಟಿನ ಮೇಲೆ ಇಳಿಬಿಟ್ಟು ತಲೆ ಒಳಗೆ ತೂರಿಸಿದ. ಮಟಮಟ ಮಧ್ಯಾಹ್ನ!

(ನಾನು ಅವನ ಕೈಗೆ ಕೊಟ್ಟಿದ್ದು ಬರೀ ಸ್ಪ್ಯಾನರ್. ಕಂಬಳಿ ಅವನೇ ತಂದದ್ದು.)

"ಬನ್ರಿ ಬರೆಯೋರೇ, ನೀವೂ ನೋಡಿ. ಬಿಸಿಲಲ್ಲಿ ಇದು ಕಾಣಲ್ಲ."

ನಾನೂ ಬೆಳ್ಳಪ್ಪನೂ ತಲೆ ತೂರಿಸಿದೆವು. ಅಬ್ಬಬ್ಬಾ! ಕಬ್ಬಿಣ ನಿಗಿನಿಗಿ ಕೆಂಡವಾಗಿತ್ತು, ಈ ತುದಿಯಿಂದ ಆ ತುದಿಗೆ. ಎಷ್ಟು ಕಾರುಗಳಲ್ಲಿ ಇಂಥದ್ದರ ಹಿಂದೆ ಕಾಲು ಚಾಚಿ ಗೊರಕೆ ಹೊಡೆದಿದ್ದೇನೆ, ಪಾಪಿ ನಾನು! ಕೈ ತಾನಾಗಿ ಮುಗಿಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಒಂದು ಕಡೆ ಮಾತ್ರ ಕೆಂಪಾಗಿದ್ರೆ ಆ ಒಂದು ಸಿಲಿಂಡರಿಂದು ದೋಷ" ಎಂದ ಕನ್ನಪ್ಪ, ಗರ್ಭಗುಡಿಯ ಮುಂದೆ ನಿಂತವನ ಹಾಗೆ ದನಿ ತಗ್ಗಿಸಿ. "ಇದು ಪೂರಾ ಕೆಂಪು. ಕಿಡಿ ತಡವಾಗಿ ಹತ್ತಾ ಇದೆ. ಒಳಗೆ ಉರಿದು ಮುಗೀಬೇಕಾದ ಬೆಂಕಿ ಈ ಕೊಳವೇಲಿ ಬಂದು ಉರೀತಿದೆ. ಡಿಸ್ಟ್ರಿಬ್ಯೂಟರ್ ಯಾರು ತಿರುಗ್ಸಿದ್ದು?"

(ಡಿಸ್ಟ್ರಿಬ್ಯೂಟರ್ ಅಂದರೆ ಹೊತ್ತಿಗೆ ಸರಿಯಾಗಿ ಕಿಡಿ ಹಂಚುವ ಡಬ್ಬಿ.)

ಡಬ್ಬಿಯ ಮೇಲೆ ಗಂಧ, ಕುಂಕುಮ.

"ಪೂಜೆ ದಿನ ಅದು ಆ ಕಡೆ ಮುಖ ಹಾಕಿ ಕೂತಿತ್ತು" ಎಂದ ಬೆಳ್ಳಪ್ಪ. "ಎಲ್ಲಕ್ಕೂ ಬೊಟ್ಟಿಟ್ಟು ಇದೊಂದನ್ನ ಹೆಂಗೆ ಬಿಡೋದು? ಸ್ಕ್ರೂ ಸಡ್ಲ ಮಾಡಿ ಒಂಚೂರು ಈಚೆ ತಿರುಗ್ಸಿ ಇಟ್ಟೆ. ಆಮೇಲೆ ಇವತ್ತೇ ಹೊರಟಿದ್ದು."

ಕನ್ನಪ್ಪ ಡಬ್ಬಿಯನ್ನು ಒಂಚೂರು ಆಚೆ ತಿರುಗಿಸಿದ. ಇಂಜಿನ್ನಿನ ದನಿ ಹಗುರಾಯಿತು. ನಾವು ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಕೆಂಪು ಮೆಲ್ಲಗೆ ಆರಿ ಕಬ್ಬಿಣ ಕಪ್ಪಗಾಯಿತು. ಇಂಥದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

೪
ಮುಕ್ತಾಯ ಒಂದು: "ಹುಂಚದ ಗುಂಡಿ ರಸ್ತೆಗೆ ಸ್ಕ್ರೂ ಸಡ್ಲಾಗಿದೆ ಅಯ್ಯಾ" ಎಂದು ಕನ್ನಪ್ಪ ಸುಳ್ಳು ಹೇಳುತ್ತಾನೆ.

"ಬ್ಯಾಡ ಸಾಮಿ, ಆ ಸಾಲು ಹೊಡೆದು ಹಾಕಿ" ಎಂದ ಬೆಳ್ಳಪ್ಪ. "ಹಂಗಂದ್ರೆ ನಾನು ಬೊಟ್ಟಿಟ್ಟಿದ್ದೇ ಸುಳ್ಳಾಗ್ತದೆ."

ಮುಕ್ತಾಯ ಎರಡು: ಮುಕುಂದಯ್ಯ ಕಣ್ಣೀರು ಸುರಿಸಿ ಬೆಳ್ಳಪ್ಪನನ್ನು ಅಪ್ಪಿಕೊಳ್ಳುತ್ತಾರೆ.

"ಥೂ! ನನ್ನ ಕೈಲಿ ಇಂಥ ನಾಟಕ ಆಡಿಸ್ಬೇಡ್ರಿ" ಎಂದರು ಮರದಡಿಯಿಂದ ಮುಕುಂದಯ್ಯ.

೫
ನಾನು ಪೆನ್ನು ಕೆಳಗಿಟ್ಟೆ. ಬೆಳ್ಳಪ್ಪ ತಾನೇ ಹೋಗಿ ಅವರ ಮುಂದೆ ನಿಂತ.

"ನಾನೇ ಅಯ್ಯಾ ತಿರುಗ್ಸಿದ್ದು. ಕುಂಕುಮ ಇಡೋಕೆ."

ಮುಕುಂದಯ್ಯ ನೆಟ್ಟಗೆ ಬಂದು, ಹಿಂದಿನ ಬಾಗಿಲು ತೆಗೆದು ಕೂತು, ಎಳೆದು ಹಾಕಿಕೊಂಡರು. ಇಂಜಿನ್ ಓಡುತ್ತಲೇ ಇದೆ. ಸಾಗರ ಇನ್ನೂ ದೂರ.

"ಹತ್ಲಾ ಸಾಮಿ?" ಬೆಳ್ಳಪ್ಪ ನನ್ನನ್ನು ಕೇಳುತ್ತಿದ್ದಾನೆ.

ನನ್ನನ್ನೇನು ಕೇಳುತ್ತೀಯೋ ಮಾರಾಯ, ಕಾರು ನನ್ನದೇ? ಅವನ ಕೈ ಮುಂದಿನ ಬಾಗಿಲ ಹಿಡಿಯ ಮೇಲಿದೆ. ಮುಟ್ಟಬೇಡ ಎಂದು ಹಿಂದಿನ ಸೀಟಿನಿಂದ ಇನ್ನೂ ಯಾರೂ ಹೇಳಿಲ್ಲ.