ಎಡಗೈ ಬಂದೂಕು

ಬರ್ನೀಸ್ ಬಲಗೈಯಿಂದ ಬಂದೂಕಿನ ಗುಂಡು ತುಂಬುವ ಬೋಲ್ಟಿನ ಹಿಡಿಗಾಗಿ ತಡಕಾಡಿದಳು. ಸಿಗಲಿಲ್ಲ. ಮತ್ತೊಮ್ಮೆ ಸವರಿದಳು, ನುಣ್ಣನೆಯ ಉಕ್ಕು ಬಿಟ್ಟರೆ ಬೇರೇನೂ ಇಲ್ಲ. ನಮ್ಮ ಮೊಂಟಾನಾ ಕಡೆ ಹೆಂಗಸರೂ ಅಷ್ಟೇ, ಬೋಲ್ಟು ತೆರೆದು ಒಳಗೆ ಗುಂಡಿಲ್ಲ ಎಂದು ಕಣ್ಣಾರೆ ನೋಡದೆ ಬಂದೂಕನ್ನು ಗೋಡೆಯಿಂದ ಇಳಿಸುವುದಿಲ್ಲ. ಗಂಡನ ಶವಸಂಸ್ಕಾರದ ದಿನವೆಂದು ಅದಕ್ಕೆ ರಿಯಾಯಿತಿ ಇಲ್ಲ. ಕರಿ ಉಡುಪಿನ ತೋಳು ಮಡಚಿಕೊಂಡು ಅವಳು ಬಂದೂಕನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಹಿಡಿ ಎಡಗಡೆ ಇತ್ತು.

"ಕರ್ಟ್, ಇಲ್ಲಿ ಬಾ ಸ್ವಲ್ಪ."

ಮಗ ಗ್ಯಾರೇಜಿನ ಬಾಗಿಲಲ್ಲಿ ಕೊರಳಿನ ಟೈ ಜೊತೆ ಗುದ್ದಾಡುತ್ತಿದ್ದ. ಬಂದು ನೋಡಿದ.

"ಇದು ಎಡಗೈಯವರ ಬಂದೂಕು," ಎಂದ.

"ನಿಮ್ಮಪ್ಪ ಯಾವ ಕೈಯವನು?"

"ಇದೇನಮ್ಮ ಪ್ರಶ್ನೆ? ಬಲಗೈ."

"ಹಾಗಾದ್ರೆ ಇದನ್ನ ಯಾರಿಗೆ ಮಾಡ್ದ?"

"ಯಾರೋ ಕೇಳಿರ್ತಾರೆ, ಮಾಡ್ಕೊಟ್ಟಿರ್ತಾನೆ."

"ನಿಮ್ಮಪ್ಪ ಹುಟ್ಟಿದಾಗಿಂದ ಇನ್ನೊಬ್ಬರಿಗೆ ಒಂದು ಕುರ್ಚಿ ಕಾಲೂ ಕೂಡಿಸಿಕೊಟ್ಟವನಲ್ಲ," ಎಂದಳು ಬರ್ನೀಸ್. "ಎರಡೂವರೆ ವರ್ಷ ಕೂತು ಮಾಡಿದಾನೆ ಇದನ್ನ. ಯಾರೋ ಕೇಳಿದ್ರಂತೆ."

ಬಂದೂಕನ್ನು ಚರ್ಚಿಗೆ ತರಬೇಕೆಂದು ಹೇಳಿ ಕಳಿಸಿದವನು ಲೈಲ್. ಅವಳ ಗಂಡ ಎಲ್ಡನ್‌ನ ಹಳೆಯ ಗೆಳೆಯ, ಗುರಿ ಹೊಡೆಯುವ ಕ್ಲಬ್ಬಿನ ಅಧ್ಯಕ್ಷ. ಎಲ್ಡನ್ ಕೊನೆಗೆ ಮಾಡಿದ ಬಂದೂಕು ಶವಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ ಇರಲಿ, ನಾಲ್ಕು ಜನ ನೋಡಲಿ ಎಂದು ಅವನ ಆಸೆ. ಬರ್ನೀಸ್ ಅದನ್ನು ಹೊದಿಕೆಯಲ್ಲಿ ಸುತ್ತಿ ಗಾಡಿಯ ಹಿಂದಿನ ಸೀಟಿನ ಮೇಲೆ ಮಲಗಿಸಿದಳು. ಚರ್ಚು ತಲುಪುವವರೆಗೂ ಅವಳ ತಲೆಯಲ್ಲಿ ಒಂದೇ ಮಾತು: ಆ ಎಡಗೈ ಯಾರದ್ದೋ ಇವತ್ತು ಕಂಡುಹಿಡಿಯುತ್ತೇನೆ. ಬಂದೇ ಬರುತ್ತಾಳೆ. ಬರದೆ ಎಲ್ಲಿ ಹೋಗುತ್ತಾಳೆ.

*

ಹೊಟ್ಟೆಕಿಚ್ಚು ಬರ್ನೀಸಳಿಗೆ ಹೊಸದೇನಲ್ಲ. ಮದುವೆಯಾದ ಮೊದಲ ಚಳಿಗಾಲದಿಂದಲೇ ಅವಳಿಗೆ ಗ್ಯಾರೇಜಿನ ಮೇಲೆ ಕಣ್ಣು.

ಎಲ್ಡನ್ ಟ್ವೀಟನ್ ಮೂವತ್ತೆಂಟು ವರ್ಷ ಸರಕಾರದ ಹಿಮ ತಳ್ಳುವ ಗಾಡಿ ಓಡಿಸಿದವನು. ತಾನಿದ್ದ ಗಾಡಿಯ ಸ್ಟಿಯರಿಂಗು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಹೆರಿಗೆ ನೋವಿನಲ್ಲಿದ್ದ ಹೆಂಡತಿಯನ್ನು ಮೊಣಕಾಲುದ್ದದ ಹಿಮದಲ್ಲಿ ಆ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ದವನು. ಮನೆಗೆ ಬಂದರೆ ಊಟ, ಊಟವಾದರೆ ಗ್ಯಾರೇಜು. ಶಾಲೆಯವರು ತಮ್ಮ ಕಾರ್ಯಾಗಾರ ಮುಚ್ಚಿದಾಗ ಅಲ್ಲಿಯ ಉಕ್ಕು ಕಡೆಯುವ ಹಳೆಯ ಲೇತ್ ಯಂತ್ರವನ್ನು ಹೊತ್ತು ತಂದಿದ್ದ. ಅಂಗಡಿಯ ಬಂದೂಕು ಜಿಂಕೆ ಹೊಡೆಯೋಕೆ ಸಾಕು, ಐದು ಗುಂಡು ಒಂದೇ ತೂತಿನಲ್ಲಿ ಹೋಗಬೇಕಾದರೆ ಮನೆಯಲ್ಲೇ ಮಾಡಬೇಕು ಎನ್ನುತ್ತಿದ್ದ. ನಳಿಗೆಯನ್ನು ಲೇತಿಗೆ ಸಿಕ್ಕಿಸಿ, ಅಳತೆ ತೋರುವ ಗೇಜಿನ ಮುಳ್ಳು ಕದಲುವುದು ನಿಲ್ಲುವ ತನಕ ಒಂದೊಂದು ತಿರುಪನ್ನು ಒಂದೊಂದು ಕೂದಲಿನಷ್ಟು ತಿರುಗಿಸುತ್ತ ಇಡೀ ಶನಿವಾರ ಕಳೆಯುತ್ತಿದ್ದ. ವಾಲ್‌ನಟ್ ಮರದ ದಿಮ್ಮಿಯನ್ನು ಕೆತ್ತಿ, ಕೆನ್ನೆ ಒರಗುವ ಜಾಗವನ್ನು ಉಜ್ಜಿ, ಕೆನ್ನೆಯಿಟ್ಟು ನೋಡಿ, ಮತ್ತೆ ಉಜ್ಜುತ್ತಿದ್ದ.

"ನನ್ನ ಪಕ್ಕ ಇಷ್ಟು ಹೊತ್ತು ಕೆನ್ನೆ ಇಟ್ಕೊಂಡು ಕೂತಿದೀಯಾ ಯಾವತ್ತಾದ್ರೂ?" ಎಂದು ಬರ್ನೀಸ್ ಬಾಗಿಲಲ್ಲಿ ನಿಂತು ಕೇಳಿದ್ದಳು.

"ನೀನು ಸುಮ್ನೆ ಇರಲ್ವಲ್ಲ, ಇದು ಸುಮ್ನೆ ಇರುತ್ತೆ," ಎಂದಿದ್ದ ಎಲ್ಡನ್. ಅವಳು ನಕ್ಕಿರಲಿಲ್ಲ. ನಳಿಗೆ ಒರೆಸುವ ಬಟ್ಟೆ ಎಲ್ಲಿಂದ ಬಂತೆಂದು ಆಗ ತಾನೇ ನೋಡಿದ್ದಳು. ಅವಳದೇ ಫ್ಲಾನಲ್ ರಾತ್ರಿಯಂಗಿ, ಚೌಕ ಚೌಕವಾಗಿ ಕತ್ತರಿಸಿ ಡಬ್ಬಿಗೆ ತುಂಬಿದ್ದ.

ಈ ಕೊನೆಯ ಬಂದೂಕಿನ ಕಾಲಕ್ಕೆ ಮಾತ್ರ ಅವನೇ ಬೇರೆಯಾಗಿದ್ದ. ಮದುವೆಯಾದಾಗಿಂದ ಮಲಗಿದ ಜಾಗ ಬಿಟ್ಟು, ಮಂಚದಲ್ಲಿ ನೀನು ಈ ಕಡೆ ಬಾ, ನಾನು ಆ ಕಡೆ ಹೋಗ್ತೀನಿ, ಕಿಟಕಿಯಿಂದ ಗಾಳಿ ಬರುತ್ತೆ ಎಂದ. ಊಟದ ಮೇಜಿನಲ್ಲೂ ಅದೇ. ಬರ್ನೀಸ್ ಜಾಗ ಬದಲಿಸಿದಳು, ಆದರೆ ಮನಸ್ಸಿನಲ್ಲಿ ಅದನ್ನು ಬರೆದಿಟ್ಟುಕೊಂಡಳು. ಗಂಡಸು ಮಂಚದಲ್ಲಿ ಜಾಗ ಬದಲಿಸುವುದು ಗಾಳಿಗಲ್ಲ ಎಂದು ಅವಳ ಲೆಕ್ಕ.

ಹೋದ ಚಳಿಗಾಲ ಒಂದು ಮಧ್ಯಾಹ್ನ ಗ್ಯಾರೇಜಿನಿಂದ ಕೂಗಿದ. "ಬರ್ನಿ, ಈ ಗೇಜಿನ ಮುಳ್ಳು ಎಲ್ಲಿದೆ ಬಂದು ಹೇಳ್ತೀಯಾ?" ಗ್ಯಾರೇಜಿನೊಳಗೆ ಅವಳನ್ನು ಅವನು ಕರೆದದ್ದು ಅದೇ ಮೊದಲು.

"ಕನ್ನಡಕ ಹಾಕ್ಕೋ."

"ಹಾಕ್ಕೊಂಡಿದೀನಿ."

"ಹಾಗಾದ್ರೆ ನಿನ್ನ ಗುರುವಾರದ ಕ್ಲಬ್ಬಿನ ಸ್ನೇಹಿತರನ್ನ ಕರಿ. ನನ್ನ ಲೆಫ್ಸ ಕಾವಲಿ ಮೇಲಿದೆ, ಸೀದುಹೋಗುತ್ತೆ." ಆಲೂಗಡ್ಡೆಯ ರೊಟ್ಟಿಯನ್ನು ಕೋಲಿನಿಂದ ಮಗುಚಿ ಹಾಕಿದಳು. ಅವನು ಮತ್ತೆ ಕರೆಯಲಿಲ್ಲ.

*

ಚರ್ಚಿನಲ್ಲಿ ಲೈಲ್ ಮಾತಾಡಿದ. ಎಲ್ಡನ್ ಕೈಯಲ್ಲಿ ಮಾಡಿದ ಹನ್ನೊಂದು ಬಂದೂಕುಗಳಿವೆ, ಹನ್ನೊಂದೂ ಸುಳ್ಳು ಹೇಳುವುದಿಲ್ಲ ಎಂದ. ಇಂಥವನನ್ನು ಹೆದ್ದಾರಿ ಕೂಡುವಲ್ಲಿ ಒಂದು ಮರದ ದಿಮ್ಮಿ ತುಂಬಿದ ಲಾರಿ ಒಯ್ದಿತಲ್ಲ, ಬೆಳಗಿನ ಬಿಸಿಲು ಕಣ್ಣಿಗೆ ಹೊಡೆದಿರಬೇಕು ಎಂದು ಮೂಗು ಒರೆಸಿಕೊಂಡ. ಮೇಜಿನ ಮೇಲಿದ್ದ ಬಂದೂಕಿನ ಬಗ್ಗೆ ಏನೂ ಹೇಳಲಿಲ್ಲ. ನೋಡಿದವನು ಹುಬ್ಬು ಗಂಟಿಕ್ಕಿ ಬರ್ನೀಸಳ ಕಡೆ ತಿರುಗಿದ್ದ, ಅಷ್ಟೇ. ಅವನಿಗೂ ಗೊತ್ತಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಸಮಾಧಿ ಮುಗಿಸಿ ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಊಟಕ್ಕೆ ಬಂದರು. ಹಂದಿಮಾಂಸ ಇಟ್ಟ ಬನ್ನು, ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಡಿಷ್, ಹಸಿರು ಜೆಲ್ಲಿ, ಹಂಡೆ ತುಂಬ ಕಾಫಿ. ಬರ್ನೀಸ್ ಏನನ್ನೂ ಮುಟ್ಟದೆ ಸಾಲಿನಲ್ಲಿ ನಿಂತವರ ಕೈಗಳನ್ನೇ ನೋಡುತ್ತ ಕೂತಳು.

ಎಲ್ಡನ್‌ನ ತಂಗಿ ಆರ್ಡಿಸ್ ತಟ್ಟೆ ಹಿಡಿದು ಪಕ್ಕಕ್ಕೆ ಬಂದಳು. "ಎಲ್ಲರ ಕೈ ಯಾಕೆ ಹಾಗೆ ನೋಡ್ತಿದೀಯ? ಚರ್ಚಿನ ಚಮಚ ಯಾರಾದ್ರೂ ಜೇಬಿಗಿಳಿಸಿದ್ರಾ?"

"ನಮ್ಮೂರಲ್ಲಿ ಎಡಗೈಯವರು ಯಾರ್ಯಾರಿದಾರೆ?"

"ಆರ್ಗನ್ ನುಡಿಸೋ ಮುದುಕ. ನಿನ್ನ ಅಣ್ಣನ ಮೊಮ್ಮಗು, ಅದಿನ್ನೂ ಚಮಚ ಹಿಡಿಯೋಕೆ ಕಲೀತಿದೆ. ಯಾಕೆ?"

"ಹೆಂಗಸರಲ್ಲಿ."

ಆರ್ಡಿಸ್ ತಟ್ಟೆ ಕೆಳಗಿಟ್ಟಳು. "ಬರ್ನೀಸ್, ಅಣ್ಣನ ಮಣ್ಣು ಇನ್ನೂ ಹಸಿಯಾಗಿದೆ. ಇವತ್ತೊಂದು ದಿನ ಬಿಟ್ಬಿಡು."

"ನಲವತ್ತೊಂದು ವರ್ಷ ಬಿಟ್ಟೆ. ಇವತ್ತು ಬಿಡಲ್ಲ."

ಅಷ್ಟರಲ್ಲಿ ಕೇಕಿನ ಮೇಜಿನ ಹತ್ತಿರ ಒಬ್ಬಳು ಚಾಕು ಎತ್ತಿಕೊಂಡಳು. ಅರವತ್ತರ ಆಸುಪಾಸು, ಗಿಡ್ಡ ದೇಹ, ಗಂಡಸಿನಂತೆ ಕತ್ತರಿಸಿದ ಕೂದಲು. ಎಡಗೈಯಿಂದ ಕೇಕು ಕೊಯ್ದಳು. ಎಡಗೈಯಿಂದಲೇ ತುಂಡನ್ನು ಎತ್ತಿ ತಟ್ಟೆಗಿಟ್ಟಳು. ಕ್ಲಬ್ಬಿನಲ್ಲಿ ಅಂಕ ಬರೆಯುವ ಮಾರ್ಲಿಸ್. ಬರ್ನೀಸಳಿಗೆ ಒಂದು ಕೆಟ್ಟ ಖುಷಿಯಾಯಿತು, ತನ್ನ ಅನುಮಾನ ಸುಳ್ಳಾಗಲಿಲ್ಲವೆಂದು.

*

ಮಾರ್ಲಿಸಳನ್ನು ಅವಳು ಮೊದಲೇ ಒಮ್ಮೆ ಹಿಡಿದಿದ್ದಳು. ಮೂರು ವಾರದ ಹಿಂದೆ, ಒಂದು ಗುರುವಾರ.

ಗುರುವಾರ ಎಲ್ಡನ್ ಗುರಿ ಮೈದಾನಕ್ಕೆ ಹೋಗುವ ದಿನ. ಅವತ್ತು ಬರ್ನೀಸ್ ಅಂಚೆ ಕಚೇರಿಯಿಂದ ಬರುವಾಗ ಊರ ಹೊರಗಿನ ಗೋಧಿ ಉಗ್ರಾಣದ ಹಿಂದೆ ಅವನ ಗಾಡಿ ನಿಂತಿತ್ತು. ಒಳಗೆ ಅವನಿಲ್ಲ. ಅವಳು ನೋಡುತ್ತಿದ್ದಂತೆಯೇ ಮಾರ್ಲಿಸಳ ಕೆಂಪು ಗಾಡಿ ಹೆದ್ದಾರಿ ಕಡೆ ತಿರುಗಿತು. ಸ್ಟಿಯರಿಂಗ್ ಹಿಡಿದವಳು ಅವಳು. ಪಕ್ಕದಲ್ಲಿ, ಮಡಿಲಲ್ಲಿ ಟೋಪಿ ಇಟ್ಟುಕೊಂಡು, ಸ್ಕೂಲಿಗೆ ಹೋಗುವ ಮಗುವಿನ ಹಾಗೆ ಎಲ್ಡನ್. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಅವನು ಕೂತದ್ದನ್ನು ಅವಳು ಜೀವಮಾನದಲ್ಲಿ ನೋಡಿರಲಿಲ್ಲ. ಅವನ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಅವಳಿಗೆ ಉರಿದದ್ದು ಆ ನೆಮ್ಮದಿ ಕಂಡು.

ಸಂಜೆ ಊಟಕ್ಕೆ ಕೂತಾಗ ಅವಳು ತಟ್ಟೆ ಇಡಲಿಲ್ಲ.

"ಅವಳು ಯಾಕೆ ಬೇಕು ನಿನಗೆ?"

"ಗುರಿ ಹೊಡೆಯೋಕೆ ಹೋಗಿದ್ವಿ, ಬರ್ನಿ."

"ಗಾಡಿ ಬಚ್ಚಿಟ್ಟು?"

ಅವನು ಏನೋ ಹೇಳುವವನಿದ್ದ. ಅವಳು ಬಿಡಲಿಲ್ಲ. "ಇನ್ನೊಂದು ಸಲ ಆ ಹೆಂಗಸಿನ ಗಾಡಿ ಹತ್ತಿದ್ರೆ ಈ ಮನೆ ಮೆಟ್ಲು ಹತ್ತಬೇಡ."

"ಆಯ್ತು," ಎಂದ ಎಲ್ಡನ್. ಬರ್ನೀಸ್ ತಾನು ಗೆದ್ದೆ ಎಂದುಕೊಂಡು ತಟ್ಟೆ ತಂದಿಟ್ಟಳು. ಮುಂದಿನ ಗುರುವಾರ ಹಿಮ ಕರಗಿ ಮೈದಾನದಲ್ಲಿ ನೀರು ನಿಂತಿತ್ತು, ಅವನು ಹೋಗಲಿಲ್ಲ. ಅದರ ಮುಂದಿನ ಗುರುವಾರ ತಾನೇ ಗಾಡಿ ಓಡಿಸಿಕೊಂಡು ಹೋದ.

*

"ಬನ್ನಿ, ಇಲ್ಲಿ ಕೂತ್ಕೊಳ್ಳಿ," ಎಂದಳು ಬರ್ನೀಸ್, ಕೇಕಿನ ತಟ್ಟೆ ಹಿಡಿದು ಹಾಯುತ್ತಿದ್ದ ಮಾರ್ಲಿಸಳಿಗೆ, ತನ್ನ ಬಲಗಡೆಯ ಕುರ್ಚಿ ಎಳೆದು. ಆರ್ಡಿಸ್ ಅಪಾಯ ಮೂಸಿದವಳಂತೆ ಎದ್ದು ಕಾಫಿ ತರಲು ಹೋದಳು.

"ನಾನೇ ಬರೋಣ ಅಂತಿದ್ದೆ," ಎಂದಳು ಮಾರ್ಲಿಸ್.

"ನಿಮ್ಮ ಬಂದೂಕು ಮೇಲೆ ಮೇಜಿನ ಮೇಲಿದೆ. ಹೋಗ್ತಾ ತಗೊಂಡು ಹೋಗಿ."

"ನನ್ನ ಬಂದೂಕಾ?"

"ಎಡಗೈದು. ಎರಡೂವರೆ ವರ್ಷ ಕೂತು ಮಾಡಿದಾನೆ. ನನಗೆ ಒಂದು ಬ್ರೆಡ್ಡು ಇಡೋ ಪೆಟ್ಟಿಗೆ ಮಾಡ್ಕೊಡು ಅಂದ್ರೆ ಟೈಮ್ ಇರ್ಲಿಲ್ಲ ಅವನಿಗೆ."

ಮಾರ್ಲಿಸ್ ತೋಳು ಮಡಚಿ ಮುಂದೆ ಚಾಚಿದಳು. "ನನ್ನ ಕೈ ನೋಡಿ, ಎಷ್ಟು ಗಿಡ್ಡ. ಆ ಬಂದೂಕಿನ ಹಿಂದಿನ ಮರ ನನ್ನ ಅಳತೆಗಿಂತ ಎರಡು ಬೆರಳು ಉದ್ದ. ಭುಜಕ್ಕಿಟ್ರೆ ನನ್ನ ಕಣ್ಣು ದುರ್ಬೀನಿಗೆ ಎಟುಕೋದೇ ಇಲ್ಲ. ಅದು ಎಲ್ಡನ್ ಅಳತೆ. ತನಗೇ ಮಾಡ್ಕೊಂಡಿದ್ದು."

"ಅವನು ಬಲಗೈಯವನು."

"ಕೈ ಬಲಗೈನೇ," ಎಂದಳು ಮಾರ್ಲಿಸ್. ತಟ್ಟೆಯನ್ನು ದೂರ ಸರಿಸಿದಳು. "ಬಲಗಣ್ಣು ಹೋಗಿತ್ತು. ಮೂರು ವರ್ಷದಿಂದ ಮಂಜು ಮಂಜು ಅಂತಿದ್ದ, ಈ ವರ್ಷ ಪೂರ್ತಿ ಹೋಯ್ತು. ಎಡಗಣ್ಣಲ್ಲಿ ಗುರಿ ಹಿಡೀಬೇಕಾದ್ರೆ ಎಡಭುಜಕ್ಕಿಟ್ಟು ಹೊಡೀಬೇಕು. ಕ್ಲಬ್ಬಲ್ಲಿ ಎಡಗೈಯವಳು ನಾನೊಬ್ಬಳೇ. ಕಲಿಸು ಅಂದ. ಕಲಿಸ್ತಿದ್ದೆ."

ಮಂಚದಲ್ಲಿ ಅವನು ತನ್ನನ್ನು ಕರೆದುಕೊಂಡದ್ದು ಯಾವ ಪಕ್ಕಕ್ಕೆಂದು ಬರ್ನೀಸ್ ಈಗ ಲೆಕ್ಕ ಹಾಕಿದಳು. ಎಡಪಕ್ಕಕ್ಕೆ. ಮೇಜಿನಲ್ಲೂ ಎಡಪಕ್ಕಕ್ಕೆ. ಕಾಣುವ ಕಡೆಗೆ.

"ನಿನಗೆ ಹೇಳಿದ," ಎಂದಳು ಕೊನೆಗೆ. 'ನೀವು' ಬಿಟ್ಟುಹೋಗಿತ್ತು. "ನನಗೆ ಹೇಳ್ಲಿಲ್ಲ."

"ಹೇಳಿದ್ರೆ ನೀನು ಗಾಡಿ ಕೀಲಿ ಕಿತ್ಕೋತೀಯ ಅಂತಿದ್ದ. ಶರತ್ಕಾಲದ ಪಂದ್ಯ ಆಗ್ಲಿ, ಎಡಗೈಲಿ ಹೊಡೆದು ತೋರ್ಸಿ ಆಮೇಲೆ ಹೇಳ್ತೀನಿ, ಆಗ ಅವಳು ಅಯ್ಯೋ ಅನ್ನಲ್ಲ ಅಂತಿದ್ದ. ನಾನು ಬೈದೆ, ಕೇಳ್ಲಿಲ್ಲ. ಹೆದ್ದಾರಿ ಮಾತ್ರ ನಾನು ಓಡಿಸ್ತೀನಿ ಅಂತ ಒಪ್ಪಿಸಿದ್ದೆ. ಹೋದ ಗುರುವಾರ ಬೆಳಿಗ್ಗೆ ಫೋನ್ ಮಾಡ್ದ, ಬರಬೇಡ, ನಾನೇ ಬರ್ತೀನಿ ಅಂದ." ಮಾರ್ಲಿಸ್ ಮೇಜುಬಟ್ಟೆಯ ಮಡಿಕೆ ಸವರಿದಳು. "ಯಾಕೆ ಅಂತ ಕೇಳ್ದೆ. ಬರ್ನೀಸ್‌ಗೆ ಬೇಜಾರಾಗುತ್ತೆ ಅಂದ."

ಲಾರಿ ಬಂದದ್ದು ಬಲಗಡೆಯಿಂದ. ಅದು ಊರಿಗೆಲ್ಲ ಗೊತ್ತಿತ್ತು.

ಬರ್ನೀಸಳಿಗೆ ಅಳು ಬರಲಿಲ್ಲ. ಬಂದದ್ದು ಅದೇ ಹಳೆಯ ಉರಿ, ಇನ್ನೂ ದೊಡ್ಡದಾಗಿ. ಈ ಗಿಡ್ಡ ಹೆಂಗಸಿನ ಮೇಲೆ, ಅವಳಿಗೆ ಸಿಕ್ಕ ಗುರುವಾರಗಳ ಮೇಲೆ. ಇವರಿಬ್ಬರ ನಡುವೆ ಬೇರೆ ಏನಾದರೂ ಇದ್ದಿದ್ದರೆ ಇದಕ್ಕಿಂತ ವಾಸಿಯಿತ್ತು ಅನ್ನಿಸಿತು.

"ದಾರೀಲಿ ಏನು ಮಾತಾಡ್ತಿದ್ದ?"

"ಏನೂ ಇಲ್ಲ."

"ಹೇಳು."

"ಬಲಗಡೆ ಏನು ಹೋಗ್ತಿದೆ ಅಂತ ಕೇಳ್ತಿದ್ದ. ನಾನು ಹೇಳ್ತಿದ್ದೆ. ಬೇಲಿ. ಹಸು. ಯಾರದೋ ಹೊಸ ಟ್ರಾಕ್ಟರ್. ಅಷ್ಟೇ."

ನನ್ನನ್ನು ಕೇಳಿದ್ದರೆ ನಾನೂ ಹೇಳುತ್ತಿದ್ದೆ ಎನ್ನಲು ಹೋದಳು ಬರ್ನೀಸ್. ಕೇಳಿದ್ದ. ಗೇಜಿನ ಮುಳ್ಳು ಎಲ್ಲಿದೆ ಹೇಳು ಎಂದು ಕೇಳಿದ್ದ.

ಅವಳು ಬಲಗೈ ಎತ್ತಿ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. ಎಡಗೈಯಲ್ಲಿ ಆರ್ಡಿಸ್ ತಂದುಕೊಟ್ಟ ಕಾಫಿ ಇತ್ತು. ಮೊದಲು ಏನೂ ವ್ಯತ್ಯಾಸ ಕಾಣಿಸಲಿಲ್ಲ. ಎದುರಿನ ಗೋಡೆ ಇತ್ತು, ಕೇಕಿನ ಮೇಜಿತ್ತು, ಕಾಫಿ ಹಂಡೆಯ ಮುಂದೆ ಲೈಲ್ ಯಾರಿಗೋ ಏನೋ ಹೇಳುತ್ತಿದ್ದ. ಬಲಗಡೆಯ ಕುರ್ಚಿ ಮಾತ್ರ ಇರಲಿಲ್ಲ, ಅದರಲ್ಲಿ ಕೂತ ಹೆಂಗಸೂ ಇರಲಿಲ್ಲ. ಪಾಪ, ಈಗ ಅಳು ಬಂತು ಎಂದು ಯಾರೋ ಪಿಸುಗುಟ್ಟಿದರು. ಕುರ್ಚಿ ಸರಿದ ಸದ್ದಾಯಿತು. ಮಾರ್ಲಿಸ್ ಎದ್ದಳೋ ಇಲ್ಲವೋ ತಿಳಿಯಲಿಲ್ಲ. ಬರ್ನೀಸ್ ಹಾಗೇ ಕೂತಳು.

ಬಲಗಡೆಯಿಂದ ಏನೋ ಅವಳ ತೋಳಿಗೆ ತಗುಲಿತು. ಅವಳು ಕುರ್ಚಿ ಸಮೇತ ಎಡಕ್ಕೆ ಹಾರಿಬಿದ್ದಳು. ಕಾಫಿ ಬಿಳಿ ಮೇಜುಬಟ್ಟೆಯ ಉದ್ದಕ್ಕೂ ಹರಿಯಿತು.

"ನಾನಮ್ಮ, ನಾನು," ಎಂದ ಕರ್ಟ್, ಗಾಬರಿಯಾಗಿ. "ಆ ಬಾಗಿಲಿಂದ ಕೈ ಬೀಸ್ಕೊಂಡೇ ಬಂದ್ನಲ್ಲ. ನೋಡ್ಲಿಲ್ವಾ?"

ಬರ್ನೀಸ್ ಕಣ್ಣಿನ ಮೇಲಿನ ಕೈ ತೆಗೆಯಲಿಲ್ಲ.