ಗೇರಿಲ್ಲದ ಗಾಡಿ

ಕಾರಿನ ಅಡಿಯ ಬೋಲ್ಟು ಸಡಿಲವಾದ ಕೂಡಲೇ ಕಪ್ಪು ಎಣ್ಣೆ ಎಳೆಯಾಗಿ ಬಾಣಲೆಗೆ ಇಳಿಯತೊಡಗಿತು. ಗ್ಯಾರೇಜಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಖುರ್ಷಿದಾ ಅದನ್ನೇ ನೋಡುತ್ತಿದ್ದಳು. ಬಿಸಿನೀರಿನಲ್ಲಿ ಗೂಡು ಬಿಚ್ಚಿಕೊಳ್ಳುವಾಗ ರೇಷ್ಮೆಯೂ ಹೀಗೇ ಕಡಿಯದೆ ಬರುತ್ತದೆ. ಚನ್ನಪಟ್ಟಣದ ಆ ಮಧ್ಯಾಹ್ನ ಹೆದ್ದಾರಿಯ ಸದ್ದು ಎಲ್ಲೋ ದೂರದ ನೀರಿನ ಹಾಗೆ ಕೇಳುತ್ತಿತ್ತು.

ಮಗುವಾಗಿದ್ದಾಗಲೇ ಪೋಲಿಯೊ ಅವಳ ಎಡಗಾಲನ್ನು ಒಣಗಿಸಿತ್ತು. ಕ್ಲಚ್ಚಿಲ್ಲದ, ಗೇರು ಬದಲಿಸಬೇಕಿಲ್ಲದ ಈ ಹಳೆಯ ಕಾರು ಬಂದ ಮೇಲೆ ಅವಳು ತಾನೇ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗತೊಡಗಿದ್ದಳು. ಅಲ್ಲಿಯವರೆಗೆ ತಮ್ಮ ಮುಕ್ತಿಯಾರ್ ತಂದಿಳಿಸಿದ್ದೇ ಗೂಡು. ಅವಳದೇನಿದ್ದರೂ ಮನೆಯ ಹಿಂದೆ ನೂಲು ಬಿಚ್ಚುವ ಕೊಠಡಿ, ಅದರ ಹಬೆ. ಊರುಗೋಲನ್ನು ಕಂಕುಳಿಗೆ ಒತ್ತಿಕೊಂಡು, ಮಾರುಕಟ್ಟೆಯಲ್ಲಿ ಗೂಡಿನ ಬಿಳಿಯ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿದ ಮೊದಲ ಬೆಳಿಗ್ಗೆ ಅವಳಿಗೆ ಈಗಲೂ ಕನಸಿನಲ್ಲಿ ಬರುತ್ತಿತ್ತು.

ಈಚೆಗೆ ಏರು ಬಂದರೆ ಸಾಕು, ಕಾರು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಬೇರೊಬ್ಬ ಮೆಕ್ಯಾನಿಕ್ ಗೇರ್‌ಬಾಕ್ಸೇ ಹೋಗಿದೆ ಎಂದಿದ್ದ. ಮಾರಿಬಿಡೋಣ, ಮೊದಲಿನ ಹಾಗೆ ಗೂಡು ನಾನೇ ತರುತ್ತೇನೆ ಎಂದು ಮುಕ್ತಿಯಾರ್ ಹೇಳುತ್ತಲೇ ಇದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ, ಅದೇ ಅವಳಿಗೆ ಕಷ್ಟವಾಗಿತ್ತು. ಗ್ಯಾರೇಜಿನ ನಟರಾಜು ಮಾತ್ರ ಎಣ್ಣೆ ಬದಲಿಸಿ ನೋಡೋಣ, ಆದರೆ ಭರವಸೆ ಕೊಡಲಾರೆ ಎಂದಿದ್ದ.

ಈಗ ಅವನು ಗೇರ್‌ಬಾಕ್ಸಿನ ತಳದ ತಟ್ಟೆಯನ್ನು ಬಿಚ್ಚಿ ತಂದು ಅವಳ ಮುಂದೆ ಹಿಡಿದ. ಅದರೊಳಗಿನ ಅಯಸ್ಕಾಂತಗಳಿಗೆ ಬೂದುಬಣ್ಣದ ಕೆಸರು ಮೆತ್ತಿತ್ತು.

"ಒಳಗೆ ಉಕ್ಕಿನ ಬೆಲ್ಟು ಓಡ್ತದೆ ಕಣಕ್ಕಾ," ಎಂದ. "ಇದ್ರಾಗೆ ಚೂರು ಸಿಕ್ರೆ ಬೆಲ್ಟು ತಿಂದೋಗೈತೆ ಅಂತ. ಬರೀ ಪುಡಿಯಾದ್ರೆ ಒಸಿ ಆಸೆ ಮಡಿಕಬೋದು."

ಅವನು ಬಟ್ಟೆಯಿಂದ ಒರೆಸುವ ಮುನ್ನವೇ ಖುರ್ಷಿದಾ ಕೈ ಚಾಚಿದಳು. ಕೆಸರನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು, ಕಣ್ಣು ಮುಚ್ಚಿ, ಗೂಡಿನ ನವಿರು ನೋಡುವಂತೆ ಮೆಲ್ಲಗೆ ಉಜ್ಜಿದಳು. ಅವಳ ಜೊತೆ ಬಂದು ಗೋಡೆಗೆ ಒರಗಿ ನಿಂತಿದ್ದ ಮುಕ್ತಿಯಾರ್ ಮೊಬೈಲಿನಿಂದ ತಲೆ ಎತ್ತಿದ. ಅಯಸ್ಕಾಂತವೊಂದಾದ ಮೇಲೆ ಇನ್ನೊಂದು, ಆಮೇಲೆ ತಟ್ಟೆಯ ಅಂಚು. ಕಾಡಿಗೆಯಷ್ಟು ನಯವಾಗಿತ್ತು. ಎಲ್ಲೂ ಏನೂ ಚುಚ್ಚಲಿಲ್ಲ.

"ಪುಡಿನೇ," ಎಂದಳು. ದನಿ ಅವಳದೇ ಅನ್ನಿಸಲಿಲ್ಲ.

ನಟರಾಜು ತಟ್ಟೆ ಒರೆಸಿ ಮತ್ತೆ ಕೂರಿಸಿದ. ಹೊಸ ಎಣ್ಣೆ ತಿಳಿಹಸಿರು. ಕೊಳವೆಯಲ್ಲಿ ಇಳಿಯುವಾಗ ಬಿಸಿಲೂ ಅದರ ಜೊತೆಗೇ ಇಳಿದಂತಿತ್ತು. ಅವಳನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ, ಇಂಜಿನ್ ಚಾಲೂ ಮಾಡಿಸಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಲಿವರನ್ನು ಹಿಂದೆ ಮುಂದೆ ನಿಧಾನವಾಗಿ ಆಡಿಸಲು ನಟರಾಜು ಹೇಳಿದ. ಎಣ್ಣೆಯ ಮಟ್ಟ ನೋಡಿದ. ಇನ್ನು ಏರು ಹತ್ತಿಸಿದರೇ ಗೊತ್ತಾಗುವುದು ಎಂದ. ಜೊತೆಗೆ ಹೋಗಲೆಂದು ಮುಕ್ತಿಯಾರ್ ಕಾರಿನ ಆ ಕಡೆಯ ಬಾಗಿಲು ತೆರೆದ.

"ನೀನು ಇಲ್ಲೇ ಇರು," ಎಂದಳು ಖುರ್ಷಿದಾ. "ನಾನೇ ನೋಡ್ಕೊಂಡು ಬರ್ತೀನಿ."

ಅವನು ಮೆಲ್ಲಗೆ ಬಾಗಿಲು ಮುಚ್ಚಿದ.

ಕಣ್ವ ಜಲಾಶಯದ ಕಡೆಯ ರಸ್ತೆಯಲ್ಲಿ ಹಿಪ್ಪುನೇರಳೆ ತೋಟಗಳು ಕಳೆದು ಏರು ಶುರುವಾಯಿತು. ಅವಳು ಆಕ್ಸಿಲರೇಟರ್ ಒತ್ತಿದಳು. ಕಾರಿಗೆ ನಡುಕ ಬರಲಿಲ್ಲ. ನಿದ್ದೆ ಬರುವುದು ಯಾವ ಗಳಿಗೆಯಲ್ಲೆಂದು ತಿಳಿಯದ ಹಾಗೆ ವೇಗ ಹೆಚ್ಚುತ್ತ ಹೋಯಿತು; ಬಂಡೆಗಳು, ಹೊಂಗೆಮರಗಳು ತಾವಾಗಿಯೇ ಹಿಂದೆ ಸರಿದವು.

ಏರಿನ ತುದಿಯಲ್ಲಿ ರಸ್ತೆ ತುಂಬ ಕುರಿಮಂದೆ ಎದುರಾಯಿತು. ಅವಳು ಕಾರು ನಿಲ್ಲಿಸಿ, ಕಿಟಕಿ ಇಳಿಸಿದಳು. ಕುರಿಗಳು ಎರಡಾಗಿ ಕವಲೊಡೆದು, ಬಾಗಿಲುಗಳಿಗೆ ಮೈ ಉಜ್ಜಿಕೊಳ್ಳುತ್ತ, ಹೊಳೆಯ ನೀರಿನ ಹಾಗೆ ಎರಡೂ ಕಡೆಯಿಂದ ಹಾದುಹೋಗತೊಡಗಿದವು.