ಕಣಿವೆ ಕಡೆಯ ಕಿಟಕಿ

"ಆ ಕಡೆ ಅಲ್ಲ, ಈ ಕಡೆ. ಬಾಗಿಲ ಕಡೆ ಮಲಗಿಸಿ ಅಂದ್ರೆ ಕಿವಿ ಕೇಳ್ಸಲ್ವಾ ನಿಮಗೆ?"

ಹೆಣ ಹೊತ್ತು ಬಸ್ಸಿನೊಳಗೆ ಬಂದಿದ್ದ ನಾಲ್ವರೂ ಕಾಲು ಕೀಳಲಾರದೆ ನಿಂತರು. ಹಳೆಯ ಡ್ರೈವರನನ್ನು ಮಣ್ಣಿಗೆ ಕಳಿಸಲು ಡಿಪೋದವರು ಬಸ್ಸು ಕೊಟ್ಟಿದ್ದರು. ಮೆಕ್ಯಾನಿಕ್ ಬೆಳಿಗ್ಗೆಯೇ ಬಂದು ಡ್ರೈವರ್ ಸೀಟಿನ ಹಿಂದಿನ ಸೀಟುಗಳನ್ನು ಬಿಚ್ಚಿ ಹಲಗೆ ಹಾಸಿಕೊಟ್ಟಿದ್ದ. ಹತ್ತುವವರಿಗೆ ಅಡ್ಡಿಯಾಗಬಾರದೆಂದು ಆತ ಆ ಕಡೆಯನ್ನೇ ಆರಿಸಿದ್ದ. ಪಾಪ, ಒಳ್ಳೆಯದೇ ಮಾಡಿದ್ದ. ಆದರೆ ಡ್ರೈವರನ ಹೆಂಡತಿಯ ಎದುರು ಒಳ್ಳೆಯದು ಮಾಡಿ ಉಳಿದವರು ಕಡಿಮೆ.

"ಅತ್ತಿಗೆ, ಮಸಣಕ್ಕೆ ಹೋಗೋಕೆ ಯಾವ ಕಡೆ ಮಲಗಿಸಿದ್ರೇನು?" ಎಂದ ಮೈದುನ.

"ಮಸಣಕ್ಕೆ ಆಮೇಲೆ. ಮೊದಲು ಬೆಟ್ಟದ ತಿರುವಿಗೆ ಹೋಗಬೇಕು."

ಮೈದುನ ಅಡ್ಡ ಬಂದು ನಿಂತ. ಬೆಟ್ಟ ಒಂದು ದಿಕ್ಕು, ಮಸಣ ಇನ್ನೊಂದು ದಿಕ್ಕು. "ಗುಂಡಿ ತೋಡಿ ಜನ ಕಾಯ್ತಿದ್ದಾರೆ. ಹೆಣ ಇಟ್ಕೊಂಡು ಯಾರಾದ್ರೂ ಊರು ಸುತ್ತಿಸ್ತಾರಾ? ನೋಡಿದವರು ಏನಂತಾರೆ?"

"ಅವರು ಬದುಕಿದ್ದಾಗ ನೋಡಿದವರು ಏನೂ ಅನ್ಲಿಲ್ಲ. ಈಗ ಅಂದ್ಕೊಳ್ಳಲಿ ಬಿಡು. ನಿಂಗೆ ಅವಸರ ಇದ್ರೆ ಆಟೋ ಹಿಡಿ, ಹೋಗಿ ಗುಂಡಿ ಕಾಯ್ತಾ ಕೂತ್ಕೋ."

ಯಾರೋ ನಗು ತಡೆಯಲಾರದೆ ಕೆಮ್ಮಿದರು. ಮೆಕ್ಯಾನಿಕ್ ಸ್ಪ್ಯಾನರ್ ತೆಗೆದು ಬಾಗಿಲ ಹಿಂದಿನ ಸೀಟುಗಳ ಬೋಲ್ಟು ಬಿಚ್ಚತೊಡಗಿದ.

*

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಡ್ರೈವರನನ್ನು ಅವನ ತಾಯಿ ಆಡಿಕೊಳ್ಳುತ್ತಿದ್ದಳಂತೆ. ಚಕ್ರವೇನೋ ಸಿಕ್ಕಿತು, ಆದರೆ ಒಂದೇ ದಾರಿಯದ್ದು. ಬೆಳಿಗ್ಗೆ ಬೆಟ್ಟ ಹತ್ತಿ ಆಚೆಯ ಊರು, ಸಂಜೆ ಬೆಟ್ಟ ಇಳಿದು ಮನೆ. ಏರಿನ ಕೊನೆಯ ತಿರುವಿನಲ್ಲಿ ಇಂಜಿನ್ ತಣಿಯಲೆಂದು ಬಸ್ಸು ನಿಲ್ಲುತ್ತಿತ್ತು. ಕೆಳಗೆ ಕಣಿವೆ, ಕಣಿವೆಯ ತುಂಬ ನೀರು, ನೀರಿನ ನಡುವೆ ಪುಟ್ಟ ಪುಟ್ಟ ನಡುಗಡ್ಡೆಗಳು. ಜನ ಇಳಿದು ಕಣ್ತುಂಬ ನೋಡುತ್ತಿದ್ದರು. ಡ್ರೈವರ್ ಇಳಿಯುತ್ತಿರಲಿಲ್ಲ.

"ಎಲ್ಲರೂ ನೋಡೋವಾಗ ನಿಮಗೇನು ದಾಡಿ?" ಎಂದು ಮದುವೆಯಾದ ಹೊಸದರಲ್ಲೇ ಹೆಂಡತಿ ಕೇಳಿದ್ದಳು. ಬಸ್ಸು ಹತ್ತಿದರೆ ಸಾಕು, ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಅವಳ ಪಾಲಿಗೆ ಬೆಟ್ಟವೆಂದರೆ ಗಂಡ ಹೇಳಿದ್ದೇ ಬೆಟ್ಟ.

"ಇಳಿಜಾರು ಕಣೇ. ಚಕ್ರಕ್ಕೆ ಕಲ್ಲು ಕೊಟ್ಟಿರ್ತೀವಿ, ಹ್ಯಾಂಡ್‌ಬ್ರೇಕೂ ಎಳೆದಿರ್ತೀನಿ. ಆದ್ರೂ ಒಳಗೆ ಯಾರೋ ಒಬ್ಬರು ನಿದ್ದೆ ಹೊಡೀತಿರ್ತಾರೆ. ಗಾಡೀಲಿ ಒಂದು ಜೀವ ಇರೋವರೆಗೂ ಬ್ರೇಕ್ ಮೇಲಿಂದ ಕಾಲು ತೆಗೆಯೋ ಹಾಗಿಲ್ಲ."

"ಇದು ಯಾರು ಮಾಡಿದ ಕಾನೂನು?"

"ನಾನೇ."

ಹಾಗಾಗಿ ಅವನು ಕಂಡದ್ದೆಲ್ಲ ಜನರ ಬೆನ್ನು. ಬೆನ್ನುಗಳ ಸಂದಿಯಲ್ಲಿ ಒಂದಿಷ್ಟು ಆಕಾಶ, ಬಾಗಿಲ ಕಡೆಯ ಕನ್ನಡಿಯಲ್ಲಿ ಗೇಣಗಲ ನೀರು. ಉಳಿದದ್ದನ್ನು ಕಂಡಕ್ಟರನ ಬಾಯಿಂದ ಕೇಳಬೇಕಿತ್ತು. ಕಂಡಕ್ಟರನೋ ರಸಿಕತೆಗೆ ಹೆಸರಾದವನಲ್ಲ. "ಇವತ್ತು ಹೇಗಿತ್ತಯ್ಯಾ?" ಎಂದರೆ, "ನೀರು ನೀರಿನ ಹಾಗೇ ಇತ್ತು ಮಾರಾಯ" ಎನ್ನುತ್ತಿದ್ದ. ಅಷ್ಟನ್ನೇ ಬಂಡವಾಳ ಮಾಡಿಕೊಂಡು ಡ್ರೈವರ್ ಮನೆಗೆ ಬಂದು ಊಟಕ್ಕೆ ಕೂತಾಗ ಇಡೀ ಕಣಿವೆಯನ್ನು ಹರಡುತ್ತಿದ್ದ. ಹೆಂಡತಿ ಬಡಿಸುವುದನ್ನು ಮರೆತು ಕೇಳುತ್ತಿದ್ದಳು.

ರಿಟೈರ್ ಆದ ಮೇಲೆ ಪ್ಯಾಸೆಂಜರ್ ಆಗಿ ಹೋಗಿ, ಕಿಟಕಿ ಪಕ್ಕ ಕೂತು ನೋಡಬೇಕೆಂದಿದ್ದ. ಅಷ್ಟರಲ್ಲಿ ಕ್ಲಚ್ ತುಳಿದು ತುಳಿದು ಎಡಮಂಡಿ ಕೈಕೊಟ್ಟಿತ್ತು. ಬಸ್ಸಿನ ಮೊದಲ ಮೆಟ್ಟಿಲೇ ಬೆಟ್ಟವಾಯಿತು. ಕಂಡಕ್ಟರ್ ಬಂದು, "ನಾಲ್ಕು ಜನ ಸೇರಿ ಎತ್ತಿ ಕೂರಿಸ್ತೀವಿ ಬಾ" ಎಂದರೆ ಒಪ್ಪಲಿಲ್ಲ.

"ಜನ ನನ್ನನ್ನ ಎತ್ತೋದು ಒಂದೇ ಸಲ. ಅವತ್ತು ನನ್ನ ಮಾತು ನಡೆಯಲ್ಲ, ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ" ಎಂದು ನಕ್ಕುಬಿಟ್ಟಿದ್ದ.

*

ಬಸ್ಸು ಬೆಟ್ಟ ಹತ್ತಿತು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು, ಗಂಡನ ತಲೆಗೆ ಕೊಟ್ಟ ಎರಡು ದಿಂಬು ಜಾರದಂತೆ ಇನ್ನೊಂದು ಕೈಯಲ್ಲಿ ಹಿಡಿದು ಕೂತಿದ್ದಳು. ಓಡಿಸುತ್ತಿದ್ದವನು ಅವಳ ಗಂಡನ ಕೈಕೆಳಗೆ ಕಲಿತ ಡ್ರೈವರ್. ಒಂದು ಕುಲುಕಾಟವಿಲ್ಲದೆ ತಿರುವುಗಳನ್ನು ದಾಟಿಸಿದ.

"ನಿಧಾನಕ್ಕೆ ಹೋಗ್ತಿದಾನೆ. ಕತ್ತಲಾಗುತ್ತೆ" ಎಂದು ಮೈದುನ ಗೊಣಗಿದ.

"ನಿನ್ನಣ್ಣ ಇದಕ್ಕಿಂತ ನಿಧಾನಕ್ಕೆ ಹೋಗ್ತಿದ್ದ" ಎಂದ ಕಂಡಕ್ಟರ್. "ಹಿಂದೆ ಲಾರಿಗಳು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗ್ತಿದ್ವು. ಒಬ್ಬ ಪ್ಯಾಸೆಂಜರ್‌ಗೂ ಗೀರು ಆಗಲಿಲ್ಲ, ಹೇಳ್ಕೋ ಹೋಗು."

ಕೊನೆಯ ತಿರುವು ಬಂತು. ಬಸ್ಸು ಅಂಚಿಗೆ ಸರಿದು ನಿಂತಿತು. ಕಂಡಕ್ಟರ್ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಹಲಗೆಯ ಪಕ್ಕದ ಕಿಟಕಿಯ ಗಾಜನ್ನು ಪೂರ್ತಿ ಸರಿಸಿ ಕೊನೆಗೆ ಅವಳೂ ಇಳಿದಳು. ಬೆನ್ನು ಅಡ್ಡ ಬರದಂತೆ ಜನರನ್ನೆಲ್ಲ ಆಚೆ ಅಟ್ಟಿದಳು. ಆಮೇಲೆ ತಿರುಗಿ ನೋಡಿದಳು.

ನೀರಿತ್ತು. ನಡುಗಡ್ಡೆಗಳಿದ್ದವು. ಊಟದ ಹೊತ್ತಿನಲ್ಲಿ ಗಂಡ ಹೇಳಿದ್ದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಗೇಣಗಲ ಕನ್ನಡಿಯಲ್ಲಿ ಇಷ್ಟೆಲ್ಲವನ್ನು ಹೇಗೆ ಹಿಡಿದು ತಂದ ಈ ಮನುಷ್ಯ? ಬಸ್ಸೇ ಆಗದ ಹೆಂಗಸನ್ನು ದಿನವೂ ಮಾತಿನಲ್ಲೇ ಇಷ್ಟು ದೂರ ಕರೆತಂದು ತೋರಿಸಿದ್ದನಲ್ಲ, ಒಂದು ದಿನವೂ ಬೇಸರಪಡದೆ.

ಮೈದುನ ಕೈಕಟ್ಟಿ ನಿಂತಿದ್ದ. "ನಾನು ಈ ಊರಲ್ಲೇ ಹುಟ್ಟಿದವನು ಅತ್ತಿಗೆ, ಇಲ್ಲಿಗೆ ಬಂದೇ ಇರಲಿಲ್ಲ" ಎಂದ.

"ಈಗ ಬಂದಿದೀಯಲ್ಲ, ನೋಡು. ಬಾಯಿ ಮುಚ್ಚಿ ನೋಡು."

ಆಗಲೇ ಅವಳಿಗೆ ಗಾಡಿ ಓಡಿಸಿ ತಂದ ಡ್ರೈವರ್ ಇಳಿಯದೇ ಇರುವುದು ಕಂಡದ್ದು. ಬಸ್ಸಿನ ಬಾಗಿಲಿಗೆ ಹೋಗಿ, "ನೀನೂ ಇಳಿಯಪ್ಪ, ನೋಡ್ಕೊಂಡು ಬಾ. ಕಲ್ಲು ಕೊಟ್ಟಿದ್ದಾರಲ್ಲ" ಎಂದಳು.

"ಬೇಡಮ್ಮ."

"ಯಾಕೆ? ಎಲ್ಲರೂ ಇಳಿದಾಯ್ತಲ್ಲ."

ಅವನು ರಸ್ತೆಯಿಂದ ಕಣ್ಣು ಕೀಳಲಿಲ್ಲ. "ಗಾಡೀಲಿ ಜನ ಇದ್ದಾರಮ್ಮ."

ಅವಳು ಮೆಟ್ಟಿಲ ಕಂಬಿ ಹಿಡಿದು ಅವನ ಕಾಲಿನ ಕಡೆ ನೋಡಿದಳು.

"ಕಾಲು ನೋವಾದ್ರೆ ಹೇಳು, ಹೊರಡೋಣ."

"ನೋವಾಗಲ್ಲಮ್ಮ. ಅವರು ನಿಧಾನಕ್ಕೆ ನೋಡಲಿ."

ಕಣಿವೆಯಿಂದ ಗಾಳಿ ಎದ್ದು ತೆರೆದ ಕಿಟಕಿಯೊಳಗೆ ನುಗ್ಗಿತು. ದಿಂಬಿನ ಮೇಲಿನ ಬಿಳಿಗೂದಲು ಅಲುಗಾಡಿತು. ಅದರ ಮುಂದೆ, ಆಚೆ ಬದಿಯ ಸೀಟಿನಲ್ಲಿ, ಕಣಿವೆಯ ಕಡೆ ಒಮ್ಮೆಯೂ ತಿರುಗದೆ ಡ್ರೈವರ್ ಬ್ರೇಕನ್ನು ಬಲಗಾಲಿನಿಂದ ಒತ್ತಿ ಹಿಡಿದು ಕೂತಿದ್ದ.